ತಾರೆಗಳ ನಡುವೆ ಗಂಧಕದ ಶೋಧ

ಬೇಸಗೆಯ ಇರುಳಿನಲ್ಲಿ ಮಾಳಿಗೆಯ ಮೇಲೆ ಮಲಗಿ ದಕ್ಷಿಣದ ಆಕಾಶವನ್ನು ದಿಟ್ಟಿಸಿದವರಿಗೆ ವೃಶ್ಚಿಕ ರಾಶಿಯ ಕೊಂಕಿದ ಬಾಲದ ಪರಿಚಯ ಇದ್ದೇ ಇರುತ್ತದೆ. ಅಲ್ಲಿ ತಾರೆ ತಾರೆಗಳ ನಡುವೆ ಬರಿಯ ಶೂನ್ಯವಿದೆಯೆಂದು ನಮ್ಮ ಕಣ್ಣು ಹೇಳುತ್ತದೆ. ಆದರೆ ಅದು ಶೂನ್ಯವಲ್ಲ. ಅತ್ಯಂತ ವಿರಳವಾದ ಅನಿಲವೂ, ತೂಕದಲ್ಲಿ ಅದರ ನೂರರಲ್ಲೊಂದು ಪಾಲಿನಷ್ಟು ನುಣ್ಣನೆಯ ಧೂಳೂ ಅಲ್ಲಿ ಹರಡಿಕೊಂಡಿವೆ. ಸೂರ್ಯನೂ ಭೂಮಿಯೂ ಇಂಥ ಸಾಮಗ್ರಿಯಿಂದಲೇ ಆದುವು.

ಈ ಸಾಮಗ್ರಿಯ ಲೆಕ್ಕದಲ್ಲಿ ಗಂಧಕದ ಬಾಬತ್ತು ಖಗೋಳಜ್ಞರನ್ನು ಬಹುಕಾಲ ಕಾಡಿತು. ನಮ್ಮ ತಲೆಗೂದಲಿನಲ್ಲಿಯೂ ಕೊಳೆತ ಮೊಟ್ಟೆಯ ನಾತದಲ್ಲಿಯೂ ಇರುವ ಗಂಧಕವೇ ಅದು. ತೆಳುವಾದ ಅನಿಲದಲ್ಲಿ ಅದರ ಗುರುತು ನೇರಳಾತೀತ ಕಿರಣಗಳಿಂದ ಸ್ಪಷ್ಟವಾಗಿ ತಿಳಿಯುತ್ತದೆ. ಮೋಡ ದಟ್ಟವಾದೆಡೆಯಲ್ಲಿ ಮಾತ್ರ ಇರಬೇಕಾದಷ್ಟು ಕಾಣುವುದಿಲ್ಲ. ಧೂಳಿನ ಕಣಗಳೊಳಗೆ ಸೇರಿಕೊಂಡಿದೆಯೆಂದು ಊಹಿಸುವುದು ಸುಲಭ, ತೋರಿಸಿಕೊಡುವುದು ಹೇಗೆ?

ಇಲ್ಲಿ ಕ್ಷ-ಕಿರಣ ನೆರವಿಗೆ ಬರುತ್ತದೆ. ಅನಿಲವನ್ನೂ ಧೂಳನ್ನೂ ತೂರಿಬರುವ ಈ ಕಿರಣಗಳನ್ನು ಪ್ರತಿಯೊಂದು ಮೂಲವಸ್ತುವಿನ ಪರಮಾಣುವೂ ತನಗೆ ನಿಯತವಾದ ಒಂದು ಶಕ್ತಿಮಟ್ಟದಿಂದ ಹೆಚ್ಚಾಗಿ ಹೀರತೊಡಗುತ್ತದೆ. ರೋಹಿತದಲ್ಲಿ ಅಲ್ಲೊಂದು ಮೆಟ್ಟಿಲು ಮೂಡುತ್ತದೆ. ಹಾಗೆ ಹೀರಿದ ಪರಮಾಣುವಿನಿಂದ ಚಿಮ್ಮುವ ಇಲೆಕ್ಟ್ರಾನು ಅಲೆಯಂತೆ ವರ್ತಿಸುತ್ತದೆ. ವಿಶಾಲವಾದ ಕೆರೆಯ ನಡುವೆ ಕಲ್ಲೆಸೆದರೆ ಅಲೆ ಹರಡಿ ಅಡಗುತ್ತದೆ. ದೇವಾಲಯದ ಪುಷ್ಕರಿಣಿಯಲ್ಲಾದರೆ ಸೋಪಾನಗಳಿಗೆ ತಾಗಿ ಹಿಂದಿರುಗುತ್ತದೆ. ಅನಿಲದ ಒಂಟಿ ಪರಮಾಣುವಿಗೂ ಕಲ್ಲಿನ ಕಣದೊಳಗೆ ನೆರೆಹೊರೆಯೊಡನಿರುವ ಪರಮಾಣುವಿಗೂ ಇರುವ ಅಂತರ ಇದೇ. ಮರಳಿಬಂದ ಅಲೆ ಮೆಟ್ಟಿಲಿನ ಬಳಿ ಸಣ್ಣ ಏರಿಳಿತಗಳನ್ನು ಬಿಡುತ್ತದೆ. ಪ್ರಯೋಗಶಾಲೆಯ ಮಾದರಿಗಳೊಡನೆ ಅವನ್ನು ಹೋಲಿಸಿದರೆ ಯಾವ ಖನಿಜವೆಂಬುದೂ ತಿಳಿಯುತ್ತದೆ.

ಇಷ್ಟು ಸೂಕ್ಷ್ಮವಾಗಿ ಅಳೆಯುವ ಉಪಕರಣವನ್ನು ಆಕಾಶಕ್ಕೇರಿಸಲು ಜಪಾನೀಯರು ಪಟ್ಟ ಪಾಡು ಹೇಳತೀರದು. ಕ್ಷ-ಕಿರಣದ ಒಂದೊಂದು ಕಣ ಬಿದ್ದಾಗಲೂ ಆಗುವ ಬಿಸಿಯನ್ನು ಅದು ಅಳೆಯಬೇಕು. ಅದಕ್ಕಾಗಿ ಅದನ್ನು ನಿರಪೇಕ್ಷ ಶೂನ್ಯಕ್ಕಿಂತ ಕೇವಲ 0.05 ಡಿಗ್ರಿಯಷ್ಟು ಮೇಲೆ ತಣ್ಣಗಿಟ್ಟಿರಬೇಕು. 2000ದಲ್ಲಿ ಮೊದಲನೆಯ ಉಪಗ್ರಹ ರಾಕೆಟ್ಟಿನ ದೋಷದಿಂದ ಕಕ್ಷೆಯನ್ನೇ ಸೇರಲಿಲ್ಲ. 2005ರಲ್ಲಿ ಮೇಲೇರಿದ ಸುಜಾಕುವಿನಲ್ಲಿ ತಂಪಿಗೆಂದು ಇಟ್ಟಿದ್ದ ದ್ರವ ಹೀಲಿಯಂ ಕೆಲವೇ ವಾರಗಳಲ್ಲಿ ಆವಿಯಾಗಿ ಹೋಯಿತು. 2016ರ ಹಿತೋಮಿ ಐದಾರು ವಾರ ಬದುಕಿ, ಹತೋಟಿ ತಪ್ಪಿ ಗಿರಗಿರನೆ ತಿರುಗಿ ಒಡೆದುಹೋಯಿತು. ಅವರು ಕೈಚೆಲ್ಲಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕ, ಯೂರೋಪುಗಳ ಸಹಕಾರದೊಡನೆ ಎಕ್ಸ್‌ರಿಸಂ ಹಾರಿತು. ಉಪಕರಣವೇನೋ ಚೆನ್ನಾಗಿ ತಣ್ಣಗಾಯಿತು; ಅದರ ಮುಂದಿನ ಬಾಗಿಲು ಮಾತ್ರ ತೆರೆಯಲೊಲ್ಲದು! ಆ ಬಾಗಿಲಿನಲ್ಲಿದ್ದ ಬೆರಿಲಿಯಂ ಕಿಟಕಿ ಆಮ್ಲಜನಕ, ಮೆಗ್ನೀಸಿಯಂಗಳ ಗುರುತು ಹೊತ್ತ ಮೃದು ಕಿರಣಗಳನ್ನು ತಡೆದುಬಿಟ್ಟಿತು. ಗಂಧಕದ ಗುರುತು ಅವಕ್ಕಿಂತ ಪ್ರಬಲವಾದ ಕಿರಣಗಳಲ್ಲಿದ್ದುದು ಪುಣ್ಯ. ಅದು ಒಳಗೆ ಬಂದಿತು.

ವೃಶ್ಚಿಕದ ದಿಕ್ಕಿನಲ್ಲಿ 35,000 ಜ್ಯೋತಿರ್ವರ್ಷಗಳಿಗೂ ಆಚೆ ಜಿ.ಎಕ್ಸ್. 340+0 ಎಂಬ ಜೋಡಿತಾರೆ ಕ್ಷ-ಕಿರಣಗಳಲ್ಲಿ ಪ್ರಜ್ವಲಿಸುತ್ತಿದೆ. ಅದನ್ನೇ ದೀಪವಾಗಿಟ್ಟುಕೊಂಡು ಮಿಷಿಗನ್ ವಿಶ್ವವಿದ್ಯಾನಿಲಯದ ಲಿಯಾ ಕೊರಾಲೆಸ್ ಮತ್ತು ಸಂಗಡಿಗರು ನಡುವಣ ಅನಿಲವನ್ನೂ ಧೂಳನ್ನೂ ಪರೀಕ್ಷಿಸಿ 2025ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಧಕವು ಅನಿಲರೂಪದಲ್ಲಿಯೂ ಘನರೂಪದಲ್ಲಿಯೂ ಒಟ್ಟಿಗೇ ಸಿಕ್ಕಿತು. ಘನರೂಪದ್ದು ಕಬ್ಬಿಣದೊಡನೆ ಕೂಡಿದ ಪಿರೋಟೈಟ್, ಟ್ರಾಯ್ಲೈಟ್, ಪೈರೈಟ್ ಖನಿಜಗಳಿಗೆ ಹೊಂದುವಂತಿತ್ತು. ಆಕಾಶದಿಂದ ನಮ್ಮ ನೆಲಕ್ಕೆ ಬಿದ್ದ ಉಲ್ಕಾಶಿಲೆಗಳನ್ನು ಒಡೆದು ನೋಡಿದಾಗ ಸಿಗುವ ಖನಿಜಗಳಲ್ಲಿ ಇವೂ ಸೇರಿವೆ.