ವಾಲ್ಕೂರ್‌ನ ಹಿಮಬಂಡಿ ಗ್ಯಾರೇಜಿನಲ್ಲಿ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್‌ನಿಂದ ಪೂರ್ವಕ್ಕೆ ಸುಮಾರು 120 ಕಿ.ಮೀ. ಹೋದರೆ ವಾಲ್ಕೂರ್ ಎಂಬ ಪುಟ್ಟ ಊರು ಸಿಗುತ್ತದೆ. ಸ್ಕಿ-ಡೂ ಸ್ನೋಮೊಬೈಲ್ ತಯಾರಾಗುವುದು ಇಲ್ಲೇ. ಈ ಪ್ರಾಂತ್ಯದಲ್ಲಿ ಸ್ನೋಮೊಬೈಲಿಗೆಂದೇ 30 ಸಾವಿರ ಕಿ.ಮೀ.ಗೂ ಮಿಕ್ಕಿ ಹಿಮದ ದಾರಿಗಳಿವೆ. ಹಾಗಾಗಿ ಚಳಿಗಾಲದಲ್ಲಿ ರಿಪೇರಿಯವರಿಗೆ ಕೈತುಂಬ ಕೆಲಸ.

ಊರಿನ ಮ್ಯೂಸಿಯಂ ಜೆ. ಅರ್ಮಾನ್ ಬೊಂಬಾರ್ಡಿಯೆ ಅವರ ಹೆಸರಿನದು. ಹತ್ತೊಂಬತ್ತರ ಹರೆಯದಲ್ಲಿ, 1926ರಲ್ಲಿ, ಅವರು ತೆರೆದ ಗ್ಯಾರೇಜನ್ನು ಇಲ್ಲಿ ಉಳಿಸಿಕೊಂಡಿದ್ದಾರೆ. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನ್ ತೀರಿಕೊಂಡ. ಹಿಮ ದಾರಿ ಕಟ್ಟಿತ್ತು, ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. ಮುಂದೆ ಬೊಂಬಾರ್ಡಿಯೆ ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯ ಜೋಡಿಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದರು. ಒಬ್ಬಿಬ್ಬರು ಕೂರುವ ಸ್ಕಿ-ಡೂ ಬಂದದ್ದು 1959ರಲ್ಲಿ. ಹಲ್ಲು ಪಟ್ಟಿಯನ್ನು ಹಿಡಿದು ಎಳೆಯುವ ಆ ತತ್ವವೇ ಇಂದಿಗೂ ಬಂಡಿಯನ್ನು ಓಡಿಸುತ್ತಿದೆ. ಅದರ ಮುಖ್ಯ ಕಾಯಿಲೆಯೂ ಆ ಹಿಡಿತದಲ್ಲೇ ಹುಟ್ಟುತ್ತದೆ.

ಅದನ್ನು ನೋಡಲು ಊರಾಚೆಯ ರಿಪೇರಿ ಷೆಡ್ಡಿಗೆ ಬಂದಿದ್ದೇನೆ. ಒಳಗೆ ಪೆಟ್ರೋಲು ಮತ್ತು ಕರಗುತ್ತಿರುವ ಹಿಮದ ವಾಸನೆ. ಒಬ್ಬ ಗಿರಾಕಿ ಬಂಡಿ ತಂದು ನಿಲ್ಲಿಸಿ, ‘ಟ್ರ್ಯಾಕ್ ಜಾರುತ್ತಿದೆ, ಬಿಗಿ ಮಾಡಿಕೊಡಿ’ ಎನ್ನುತ್ತಾರೆ. ಟ್ರ್ಯಾಕ್ ಎಂದರೆ ಆ ರಬ್ಬರ್ ಪಟ್ಟಿಯೇ. ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವುದೇ ಇಲ್ಲ. ಮೊದಲು ಅವರು ಕೇಳುವುದು ಸದ್ದು ಎಂಥದ್ದು ಎಂದು.

ಏಕೆಂದರೆ ಜಾರುವ ಜಾಗ ಒಂದೇ ಅಲ್ಲ. ಎಂಜಿನ್ ಕೂಗು ಏರುತ್ತದೆ, ಬಂಡಿ ಮಾತ್ರ ಮುಂದೆ ನುಗ್ಗುವುದಿಲ್ಲ, ಸುಟ್ಟ ರಬ್ಬರ್ ವಾಸನೆ ಬೇರೆ: ಇದು ನಮ್ಮ ಹಿಟ್ಟಿನ ಗಿರಣಿಯ ಬೆಲ್ಟ್ ಜಾರಿದ ಹಾಗೆಯೇ, ಕ್ಲಚ್‌ಗಳ ನಡುವಿನ ಡ್ರೈವ್ ಬೆಲ್ಟಿನ ದೋಷ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾದರೆ ಚೈನ್‌ಕೇಸ್, ಅಂದರೆ ಸರಪಳಿಯ ಪೆಟ್ಟಿಗೆ, ತೆರೆದು ನೋಡಬೇಕು. ಸದ್ದೇ ಇಲ್ಲದೆ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ ಸುತ್ತುತ್ತಿದ್ದರೆ ಅದು ನೆಲದ ಹಿಡಿತದ ಪ್ರಶ್ನೆ. ಜೋರಾಗಿ ಥ್ರಾಟಲ್ ಕೊಟ್ಟಾಗಲೋ ಗಕ್ಕನೆ ಬ್ರೇಕ್ ಹಾಕಿದಾಗಲೋ ಕಾಲಡಿಯಿಂದ ದಡದಡ ಸದ್ದು ಬಂದರೆ ಮಾತ್ರ ನಿಜವಾಗಿ ಟ್ರ್ಯಾಕ್ ಹಲ್ಲು ತಪ್ಪುತ್ತಿದೆ ಎಂದರ್ಥ. ಮುಂಭಾಗದ ಡ್ರೈವರ್ ಚಕ್ರದ ಹಲ್ಲಿನ ಹಿಡಿತದಿಂದ ಟ್ರ್ಯಾಕಿನ ಒಳಮೈಯ ರಬ್ಬರ್ ಗುಬಟು, ಇವರ ಮಾತಿನಲ್ಲಿ ‘ಲಗ್’, ಮೇಲೆದ್ದು ಮುಂದಿನ ಹಲ್ಲಿಗೆ ಹಾರುತ್ತದೆ.

ಗಿರಾಕಿಯ ಬಂಡಿಯದು ಈ ಕೊನೆಯ ಬಗೆಯ ಸದ್ದು. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುತ್ತಾರೆ. ಅಷ್ಟು ಹೊತ್ತಿಗೆ ಬಂಡಿ ಹಿಮದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿ ಬಂದಿದೆ. ಅಳತೆಗೆ ಮುಂಚೆ ಅದೂ ಬೇಕು. ಟ್ರ್ಯಾಕಿನ ಕೆಳಭಾಗದ ನಟ್ಟನಡುವೆ 7.3 ಕೆ.ಜಿ. ತೂಕ ತೂಗುಹಾಕಿ, ಟ್ರ್ಯಾಕ್ ಜಾರಿಕೊಂಡು ಸಾಗುವ ಸ್ಲೈಡ್ ಪಟ್ಟಿಗೂ ಟ್ರ್ಯಾಕಿನ ಒಳಮೈಗೂ ನಡುವಿನ ಜೋಲನ್ನು ಸ್ಕೇಲಿನಿಂದ ಅಳೆಯುತ್ತಾರೆ. ಈ ಮಾದರಿಗೆ 30ರಿಂದ 35 ಮಿ.ಮೀ. ಇರಬೇಕು. ಕಂಪನಿಗೊಂದು, ಮಾದರಿಗೊಂದು ಅಳತೆ. ತೂಕ ಕಟ್ಟುವ ಜಾಗವೂ ಬದಲಾಗುತ್ತದೆ. ಕೈಪಿಡಿ ಬಿಟ್ಟು ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ.

ಸ್ಕೇಲು 50 ಮಿ.ಮೀ. ದಾಟಿದೆ. ಹಿಂದಿನ ಆಕ್ಸಲಿನ ಬೋಲ್ಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್ ಬೋಲ್ಟುಗಳನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾರೆ. ಆಮೇಲೆ ಎಂಜಿನ್ ಚಾಲೂ ಮಾಡಿ ಟ್ರ್ಯಾಕನ್ನು ನಿಧಾನವಾಗಿ ಸುತ್ತಿಸುತ್ತಾರೆ. ಅದಕ್ಕೆ ಮುಂಚೆ ನನ್ನನ್ನು ಬಂಡಿಯ ಹಿಂದಿನಿಂದ ಎಬ್ಬಿಸಿ ಗೋಡೆಯ ಪಕ್ಕಕ್ಕೆ ಕಳಿಸಿದರು. ಮಂಜುಗಡ್ಡೆಯ ಚೂರೋ ಟ್ರ್ಯಾಕಿನಿಂದ ಕಿತ್ತ ಸ್ಟಡ್ ಮೊಳೆಯೋ ಹಿಂದಕ್ಕೆ ಸಿಡಿದರೆ ಕಣ್ಣೇ ಹೋದೀತು. ಟ್ರ್ಯಾಕ್ ಯಾವ ಬದಿ ಸಡಿಲವೋ ಆ ಕಡೆಗೆ ಸರಿಯುತ್ತದೆ. ಆ ಬದಿಯನ್ನು ಇನ್ನಷ್ಟು ಬಿಗಿ ಮಾಡಿದರೆ ನಡುವಿಗೆ ಬರುತ್ತದೆ. ಎಂಜಿನ್ ಆರಿಸಿ, ಆಕ್ಸಲ್ ಬೋಲ್ಟ್ ಬಿಗಿದು, ಮತ್ತೆ ಅಳತೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮೆಕ್ಯಾನಿಕ್ ಟಾರ್ಚ್ ಹಿಡಿದು ಡ್ರೈವರ್ ಹಲ್ಲುಗಳ ಮೇಲೆ ಬೆಳಕು ಬಿಟ್ಟರು. ಹಲ್ಲಿನ ತುದಿ ಸವೆದು ದುಂಡಾಗಿದೆ, ಎರಡು ಲಗ್‌ಗಳ ಅಂಚು ಹರಿದಿದೆ. ಈ ಸ್ಥಿತಿಯಲ್ಲಿ ಟ್ರ್ಯಾಕ್ ಎಷ್ಟು ಬಿಗಿದರೂ ಜೋರಾಗಿ ಎಳೆದಾಗ ಹಾರಿಯೇ ಹಾರುತ್ತದೆ. ಬಹಳ ಮಂದಿ ಮಾಡುವುದು ಇನ್ನೊಂದು ಸುತ್ತು ಬಿಗಿಯುವ ಕೆಲಸ. ನನಗೆ ಕಂಡಂತೆ ಅತಿ ಸಡಿಲಕ್ಕಿಂತ ಅತಿ ಬಿಗಿಯೇ ಹೆಚ್ಚು ಕೇಡು, ಯಾಕೆಂದರೆ ಅದು ಸದ್ದು ಮಾಡುವುದಿಲ್ಲ. ಎಂಜಿನ್ನಿನ ಬಲ ಘರ್ಷಣೆಗೆ ಹೋಗುತ್ತದೆ, ಪ್ಲಾಸ್ಟಿಕ್ ಸ್ಲೈಡ್ ಪಟ್ಟಿಗಳು ಕಾದು ಸವೆಯುತ್ತವೆ, ಬೇರಿಂಗುಗಳು ಬೇಗ ಹೋಗುತ್ತವೆ. ಹಿಮ ತೆಳುವಾದ ಗಟ್ಟಿ ದಾರಿಯಲ್ಲಂತೂ ಪಟ್ಟಿಗೆ ತಂಪೂ ಇಲ್ಲ, ಜಾರುವ ಮೈಯೂ ಇಲ್ಲ.

ಗಿರಾಕಿಗೆ ಬೇಸರ, ಖರ್ಚು ಹೆಚ್ಚಾಯಿತು. ಹೊಸ ಡ್ರೈವರ್ ಕೊಳ್ಳುವಾಗ ಪಿಚ್ ಹೊಂದಬೇಕು, ಅಂದರೆ ಒಂದು ಲಗ್ಗಿನಿಂದ ಇನ್ನೊಂದು ಲಗ್ಗಿನ ದೂರ. ಸಾಮಾನ್ಯವಾಗಿ 2.52, 2.86, 3.0 ಇಂಚುಗಳಲ್ಲಿ ಸಿಗುತ್ತವೆ. 121 ಇಂಚಿನ ಟ್ರ್ಯಾಕಿನಲ್ಲಿ 2.52ರ ಪಿಚ್ ಇದ್ದರೆ 48 ಹೆಜ್ಜೆ ಬರುತ್ತವೆ. ಪಿಚ್ ಒಂದಕ್ಕೊಂದು ಹೊಂದದಿದ್ದರೆ ಹೊಸದಾದರೂ ಹಲ್ಲು ತಪ್ಪುತ್ತದೆ. ಆಳ ಹಿಮದಲ್ಲಿ ಓಡಿಸುವವರಿಗೆ ಲಗ್ಗಿನ ಜೊತೆಗೆ ಟ್ರ್ಯಾಕಿನ ಕಿಂಡಿಗಳಲ್ಲೂ ಹಲ್ಲು ಕೂರುವ ಡ್ರೈವರ್ ಮಾರುಕಟ್ಟೆಯಲ್ಲಿದೆ.

ಹಿಮದ ನಾಡಿನಲ್ಲಿ ನೆಲೆಸಿ ಹಳೆಯ ಬಂಡಿ ಕೊಳ್ಳಲು ಹೊರಟಿರುವ ಕನ್ನಡಿಗರಿದ್ದರೆ, ಮಾತುಕತೆಗೆ ಮೊದಲು ಹಿಂಭಾಗ ಎತ್ತಿಸಿ, ಟಾರ್ಚ್ ಹಿಡಿದು ಡ್ರೈವರ್ ಹಲ್ಲು, ಲಗ್, ಸ್ಲೈಡ್ ಪಟ್ಟಿ ನೋಡಿಯೇ ಬೆಲೆ ಕಟ್ಟಿ. ಹೊಸ ಟ್ರ್ಯಾಕ್ ಹಾಕಿಸಿದರೆ ಮೊದಲ ಕೆಲವು ಸವಾರಿಗಳಲ್ಲಿ ಅದು ಹಿಗ್ಗುತ್ತದೆ. ಆಮೇಲೆ ಇನ್ನೊಮ್ಮೆ ಅಳೆಸಿಕೊಳ್ಳಿ.