ನಮ್ಮದು ಯಾವ ತಾಲ್ಲೂಕು?

ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ 'ತಾಲ್ಲೂಕು' ಎಂಬಲ್ಲಿಗೆ ಬಂದಾಗ ನಮ್ಮಲ್ಲಿ ಹಲವರು ಪೆನ್ನು ನಿಲ್ಲಿಸುತ್ತೇವೆ. ನಮ್ಮ ಮನೆಯ ಕಾಗದಗಳಲ್ಲೇ ಮೂರು ಹೆಸರುಗಳಿವೆ. ದಾದಾ ಅವರ ಕೆಲಸದ ಪತ್ರದಲ್ಲಿ 'ನಂದಿದುರ್ಗ ಗಣಿ', ಅಬ್ಬಾ ಅವರ ಶಾಲೆಯ ವರ್ಗಾವಣೆ ಪತ್ರದಲ್ಲಿ 'ಬಂಗಾರಪೇಟೆ ತಾಲ್ಲೂಕು', ನನ್ನ ಆದಾಯ ಪ್ರಮಾಣಪತ್ರದಲ್ಲಿ 'ಕೆಜಿಎಫ್ ತಾಲ್ಲೂಕು'. ಮನೆ ಮಾತ್ರ ಇದ್ದಲ್ಲೇ ಇದೆ.

1831ರಿಂದ 1881ರವರೆಗೆ ಮೈಸೂರು ರಾಜ್ಯವನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. 1862ರಲ್ಲಿ ಕಮಿಷನರ್ ಆದ ಎಲ್.ಬಿ. ಬೌರಿಂಗ್ ಕಾಲದಲ್ಲಿ ರಾಜ್ಯವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಲಾಯಿತು. ಬೆಂಗಳೂರು, ತುಮಕೂರಿನ ಜೊತೆಗೆ ನಮ್ಮ ಕೋಲಾರ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯೇ ಈಗಿನ ಬಂಗಾರಪೇಟೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಬಂದ ಮೇಲೆ ಊರಿಗಾಂ, ಮಾರಿಕುಪ್ಪಂ ಸುತ್ತಲಿನ ಹಳ್ಳಿಗಾಡು ಗಣಿಪಟ್ಟಣವಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಲೆಕ್ಕದಲ್ಲಿ ನೆಲ ಬೌರಿಂಗ್‌ಪೇಟೆ ತಾಲ್ಲೂಕಿನದು. ಆದರೆ ಗಣಿ ಪ್ರದೇಶದ ಮನೆ, ಆಸ್ಪತ್ರೆಗಳು ಕಂಪನಿಯವು. ಪಟ್ಟಣದ ನೈರ್ಮಲ್ಯ ನೋಡಲು ಸ್ಯಾನಿಟರಿ ಬೋರ್ಡ್ ಇತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆ ಬೆಳೆಯಿತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೆ ನೀರು, ಮನೆ, ಔಷಧಿಗೆ ಗಣಿಯ ಕಚೇರಿಯನ್ನೇ ನೆಚ್ಚಿದ್ದ ಕುಟುಂಬಗಳು ನಗರಸಭೆ, ತಾಲ್ಲೂಕು ಕಚೇರಿಗಳ ದಾರಿ ಹಿಡಿಯಬೇಕಾಯಿತು.

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ನಂದಿಬೆಟ್ಟ ಅತ್ತ ಹೋಯಿತು. 'ನಂದಿದುರ್ಗ' ಎಂಬ ಗಣಿಯ ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಕೆಜಿಎಫ್ ಕೂಡ ಒಂದು. ಬೇತಮಂಗಲ ನಮ್ಮ ಜೊತೆ ಬಂತು. ಹೈದರ್ ಅಲಿ ಹುಟ್ಟಿದ ಬೂದಿಕೋಟೆ ಬಂಗಾರಪೇಟೆಯಲ್ಲೇ ಉಳಿಯಿತು. ಪೊಲೀಸ್ ವ್ಯವಸ್ಥೆಯಲ್ಲಿ ಕೆಜಿಎಫ್‌ಗೆ ಪ್ರತ್ಯೇಕ ಎಸ್ಪಿ ಇದ್ದಾರೆ. ಕಂದಾಯಕ್ಕೆ ಜಿಲ್ಲೆ ಕೋಲಾರವೇ.

ಇದೆಲ್ಲ ನಮಗೇಕೆ ಬೇಕು? ಜಾತಿ, ಆದಾಯ ಪ್ರಮಾಣಪತ್ರಗಳನ್ನು ಕೊಡುವವರು ತಹಶೀಲ್ದಾರರು. ವಿದ್ಯಾರ್ಥಿವೇತನಕ್ಕೆ ಆ ಪತ್ರದ ಆರ್‌ಡಿ ಸಂಖ್ಯೆ ಬೇಕು. ಒಂದು ಕಚೇರಿಯ ಕೌಂಟರಿನಲ್ಲಿ "ಅಪ್ಪನದು ಒಂದು ತಾಲ್ಲೂಕು, ನಿನ್ನದು ಇನ್ನೊಂದು, ಯಾವುದಮ್ಮಾ ಸರಿ?" ಎಂದು ನನ್ನನ್ನು ಕೇಳಿದರು. ಎರಡೂ ಸರಿ. ಹಳೆಯ ಪತ್ರದಲ್ಲಿರುವುದು ಆ ದಿನದ ತಾಲ್ಲೂಕು, ಅರ್ಜಿಯಲ್ಲಿ ಬರೆಯಬೇಕಾದದ್ದು ಇಂದಿನ ತಾಲ್ಲೂಕು. ಕೇಳಿದರೆ ಹೀಗೆ ಧೈರ್ಯವಾಗಿ ವಿವರಿಸಿ. ಮನೆಯಲ್ಲಿರುವ ಹಳೆಯ ಗಣಿ ಪತ್ರಗಳನ್ನು ರದ್ದಿಗೆ ಹಾಕಬೇಡಿ. ನಮ್ಮ ಹಿರಿಯರು ಇಲ್ಲಿ ದುಡಿದು ಬಾಳಿದ್ದಕ್ಕೆ ಅವೇ ಸಾಕ್ಷಿ.