ಬಿಚ್ಚಬೇಕೋ, ಬ್ಯಾಡೋ?

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ನೆಹರು ಗಂಜಿನ ಗಾಳಿಯೇ ದಪ್ಪ. ಹಮಾಲರ ಬೆನ್ನಿನಿಂದ ಚೀಲ ಇಳಿದಾಗೊಮ್ಮೆ ಏಳುವ ಧೂಳು, ದಾಲ್‌ಮಿಲ್ಲುಗಳಿಂದ ಹಾರಿ ಬರುವ ಹೊಟ್ಟು, ಸರದಿಗೆ ಕಾದು ಎಂಜಿನ್ ಆರಿಸದೆ ನಿಂತ ಗಾಡಿಗಳ ಹೊಗೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಲ್ಲಿನ ಬೇಳೆ ಪರವೂರಿಗೆ ಹೊರಡುವುದು ಈ ಡೀಸೆಲ್ ಗಾಡಿಗಳ ಮೇಲೆ.

ಅಂಚಿನ ಗ್ಯಾರೇಜಿನಲ್ಲಿ ಒಂದು ಗೂಡ್ಸ್ ಗಾಡಿ ಬಾನೆಟ್ ತೆರೆದು ನಿಂತಿದೆ.

"ಕಮಲಾಪುರದ ಕಡಿ ಲೋಡ್ ತಗೊಂಡು ಹೊಂಟ್ರ ಪಿಕಪ್ಪೇ ಇಲ್ರೀ. ಕರಿ ಹೊಗಿ ಬಿಡ್ಲಿಕತ್ತದ. ಮ್ಯಾನಿಫೋಲ್ಡ್ ಬಿಚ್ಚಿ ತೊಳದುಬಿಡ್ರಿ."

"ತಡೀರಿ, ಉಸಿರು ಎಲ್ಲಿ ಕಟ್ಟ್ಯಾದ ನೋಡೋಣ."

ಮಿಸ್ತ್ರಿ ಪಾನಾ ಮುಟ್ಟುವುದಿಲ್ಲ. ಡೀಸೆಲ್ಲಿಗೆ ತಕ್ಕ ಗಾಳಿ ಸಿಗದಿದ್ದರೆ ಕರಿ ಹೊಗೆ. ಗಾಳಿ ಎಲ್ಲಿ ಬೇಕಾದರೂ ತಪ್ಪಿರಬಹುದು. ಏರ್ ಫಿಲ್ಟರ್ ಎಳೆದು ಬಡಿಯುತ್ತಾನೆ, ಹೊಟ್ಟು ಉದುರುತ್ತದೆ. ಟರ್ಬೊ ಹೋಸಿನ ಉದ್ದಕ್ಕೂ ಬೆರಳಾಡಿಸಿ ಬಿರುಕು ಹುಡುಕುತ್ತಾನೆ, ಇಲ್ಲ. ಆಮೇಲೆ ಇಜಿಆರ್ ಪೈಪು ಕಳಚಿ ಒಳಗೆ ಟಾರ್ಚ್ ಹಿಡಿಯುತ್ತಾನೆ.

ಇಜಿಆರ್ ಸುಟ್ಟ ಹೊಗೆಯಲ್ಲಿ ಒಂದಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸಿ ಉರಿಯ ಕಾವು ತಗ್ಗಿಸುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ. ಊರ ಗಾಳಿಗೆ ಅದು ಬೇಕೇ ಬೇಕು. ಆದರೆ ಹೊಗೆಯ ಮಸಿಗೆ ಕ್ರ್ಯಾಂಕ್‌ಕೇಸಿನಿಂದ ಬರುವ ಎಣ್ಣೆಯಾವಿ ಕೂಡಿ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಗೋಡೆಗೆ ಕಾಡಿಗೆಯಂತೆ ಮೆತ್ತಿಕೊಳ್ಳುತ್ತದೆ. ಗಂಜಿನಂಥಲ್ಲಿ ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿಗೆ ಇದು ಇನ್ನೂ ಬೇಗ ಹತ್ತುತ್ತದೆ.

ತೆಳು ಪದರವಾದರೆ ಮಿಸ್ತ್ರಿ ಮುಚ್ಚಿ ಕಳಿಸುತ್ತಾನೆ. ಅದರಿಂದ ಗಾಳಿಗೆ ಅಡ್ಡಿಯಿಲ್ಲ. ಇಲ್ಲಿ ಹಾಗಿಲ್ಲ. ಕಪ್ಪು ಮುದ್ದೆ ದಾರಿಯನ್ನು ಅರ್ಧ ನುಂಗಿದೆ. ಚಾಲಕ ತಾನೇ ಬಗ್ಗಿ ನೋಡಿ ಸುಮ್ಮನಾಗುತ್ತಾನೆ. ಸುಗ್ಗಿಯಲ್ಲಿ ಗಾಡಿ ಒಂದು ದಿನ ನಿಂತರೂ ಬಾಡಿಗೆ ಕೈತಪ್ಪುತ್ತದೆ.

"ಬಿಚ್ಚರಿ."

ಮ್ಯಾನಿಫೋಲ್ಡನ್ನು ಎಂಜಿನ್ನಿನಲ್ಲಿ ಇದ್ದಂತೆಯೇ ಕೆರೆಯುವಂತಿಲ್ಲ, ಉದುರಿದ ಚೂರು ವಾಲ್ವಿನ ದಾರಿಯಿಂದ ಸಿಲಿಂಡರಿಗೆ ಇಳಿದೀತು. ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ ಕಾಸ್ಟಿಕ್ ಸೋಡಾ ಸೋಕಲೇಬಾರದು, ಲೋಹವನ್ನೇ ತಿನ್ನುತ್ತದೆ. ಹೊರಗೆ ತೆಗೆದು, ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವುದೇ ಸರಿಯಾದ ಕೆಲಸ.

ಗಾಡಿಯವರೇ, ಓಡಿದ ಕಿಲೋಮೀಟರ್ ಎಣಿಸಿ ಬಿಚ್ಚಿಸಬೇಡಿ. ಮೊದಲು ಪೈಪಿನ ಬಾಯಿ ತೆರೆಸಿ, ಟಾರ್ಚ್ ಹಿಡಿದು, ನಿಮ್ಮ ಕಣ್ಣಿಂದಲೇ ನೋಡಿ.